ಎಡಗಡೆಯ ಕಾರ್ಬೊರೇಟರ್

"ರೀ! ಅಲ್ಲಿ ನಿಲ್ಲಿಸ್ಬೇಡಿ! ಮುಂದೆ ಹೋಗಿ... ಮುಂದೆ!"

ನಿಮಿಯಾ ಗಂಟಲು ಹರಿಯುವ ಹಾಗೆ ಕೂಗಿದಳು. ಬೈಕಿನವನಿಗೆ ಕೇಳಿಸಲೇ ಇಲ್ಲ.

ಅವಳ ಸೋದರತ್ತೆ ಲಿದುವಿನಾ ಆಗಷ್ಟೇ ಮಣ್ಣಿನ ಒಲೆಯಿಂದ ಕೆಂಡವನ್ನೆಲ್ಲ ಹೊರಗೆಳೆದು ಅಂಗಳದಲ್ಲಿ ಹರಡಿದ್ದಳು. ಒಲೆಯೊಳಗೆ ಚೀಸ್ ಹಾಕಿದ ಚಿಪಾ ರೊಟ್ಟಿ ಬೇಯುತ್ತಿತ್ತು. ಬೇಲಿಯ ಹತ್ತಿರ ಕೊಳ್ಳುವವರ ಸಾಲು. ಆ ಕೆಂಡದ ಪಕ್ಕಕ್ಕೇ ತಂದು ಬೈಕು ನಿಲ್ಲಿಸಿ, ಹೆಲ್ಮೆಟ್ಟು ಕಂಕುಳಿಗೆ ಸಿಕ್ಕಿಸಿಕೊಂಡು, ಮಹಾಶಯ ಆರಾಮಾಗಿ ಸಾಲಿನ ಕೊನೆಗೆ ಹೊರಟಿದ್ದ!

ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಎಂಜಿನ್ನಿನ ಎಡಗಡೆಯಿಂದ ಹನಿ... ಇನ್ನೊಂದು ಹನಿ... ಮತ್ತೊಂದು...

ಅವಳು ಯೋಚಿಸುತ್ತ ನಿಲ್ಲಲಿಲ್ಲ. ಓಡಿದಳು. ಸ್ಟ್ಯಾಂಡ್ ಒದ್ದು, ಹ್ಯಾಂಡಲ್ ಹಿಡಿದು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬೈಕನ್ನು ರಸ್ತೆಯ ಇಳಿಜಾರಿಗೆ ತಳ್ಳಿಬಿಟ್ಟಳು. ಅದು ಸವಾರನಿಲ್ಲದೆ ತನ್ನಷ್ಟಕ್ಕೆ ತಾನೇ ಓಡಿ, ಕೆಂಪು ಮಣ್ಣಿನ ಚರಂಡಿಗೆ ಮುಖ ಹಾಕಿ ಬಿತ್ತು. ಫಳ್! ಮುಂದಿನ ದೀಪದ ಗಾಜು ಪುಡಿಪುಡಿ.

"ಅಯ್ಯೋ ದೇವರೇ! ನಿಮಗೇನು ತಲೆ ಕೆಟ್ಟಿದ್ಯಾ?" ಅವನು ಓಡಿ ಬಂದ.

"ನನಗಾ? ಕೆಂಡದ ಪಕ್ಕ ಪೆಟ್ರೋಲ್ ಸುರಿಸ್ಕೊಂಡು ನಿಲ್ಸಿದ್ದು ಯಾರು? ಇಷ್ಟೊತ್ತಿಗೆ ಅತ್ತೆ, ನಾನು, ಈ ಜನ ಎಲ್ಲಾ ರೊಟ್ಟಿ ಜೊತೆ ಬೆಂದು ಹೋಗ್ತಿದ್ವಿ!"

"ಚೂರು ತೊಟ್ಟಿಕ್ಕುತ್ತೆ, ನನಗೂ ಗೊತ್ತು. ಅದಕ್ಕೆ ಚರಂಡಿಗೆ ತಳ್ಳೋದಾ?"

"ಚೂರಾ? ಬನ್ನಿ, ಇಲ್ಲಿ ಮೂಸಿ ನೋಡಿ ನಿಮ್ಮ ಚೂರನ್ನ!"

ಸಾಲಿನಲ್ಲಿದ್ದವರು ಕಿಸಕಿಸ ನಕ್ಕರು. ಅವನ ಮುಖ ಕೆಂಪಗಾಯಿತು. ಬಿಸಿಲಿಗೆ ಕಂದಿದ ಉದ್ದ ಮುಖ, ಅಂಗಿಯ ತೋಳಿನ ಮೇಲೆ ಒಣಗಿದ ಸಗಣಿ, ಕೋಪದಲ್ಲೂ ಯಾಕೋ ಸೋತ ಹಾಗೆ ಕಾಣುವ ಕಣ್ಣು. ಅವನು ಎವೆಲಿಯೋ. ಸುತ್ತಮುತ್ತಲಿನ ದೊಡ್ಡಿಗಳಿಗೆ ಹೋಗಿ ದನಗಳಿಗೆ ಲಸಿಕೆ ಹಾಕುವುದು ಅವನ ಕೆಲಸ. ಬೈಕಿನ ಹಿಂದೆ ಕಟ್ಟಿದ್ದ ಐಸ್ ಡಬ್ಬಿ ಈಗ ಚರಂಡಿಯಲ್ಲಿ ಬಾಯಿ ತೆರೆದು ಬಿದ್ದಿತ್ತು.

ಅತ್ತೆ ಲಿದುವಿನಾ ಸೆರಗಿನಂಥ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಜಗಳ ಸಾಕು. ನೋಡಪ್ಪಾ, ಈ ಪಿರಾಯೂ ಊರಿಗೆಲ್ಲ ಕಾರ್ಬೊರೇಟರ್ ಡಾಕ್ಟರು ಅಂದ್ರೆ ಇವಳೇ. ಬೀಳಿಸಿದವಳೇ ರಿಪೇರಿನೂ ಮಾಡ್ತಾಳೆ. ಏನೇ?"

ನಿಮಿಯಾ ಹಲ್ಲು ಕಚ್ಚಿದಳು. "ಮಾಡ್ತೀನಿ. ನಾನು ಕೈ ಹಾಕಿದ ಮೇಲೆ ಯಾವ ಕಾರ್ಬೊರೇಟರೂ ತೊಟ್ಟಿಕ್ಕಿಲ್ಲ."

ಆ ಮಾತನ್ನು ಯಾಕಾದರೂ ಆಡಿದೆನೋ ಎಂದು ಆಮೇಲೆ ಅವಳು ಎಷ್ಟು ಸಲ ಹಣೆ ಚಚ್ಚಿಕೊಂಡಳೋ!

ಅದು ಐವತ್ತು ವರ್ಷ ಹಳೆಯ ಜಪಾನಿನ ಬೈಕು. ಎರಡು ಸಿಲಿಂಡರು, ಎರಡು ಕಾರ್ಬೊರೇಟರು. ಹಿಂದೆ ಒಬ್ಬ ಪಾದ್ರಿ ಅದರ ಮೇಲೆ ಹಳ್ಳಿ ಹಳ್ಳಿಯ ಚರ್ಚಿಗೆ ಹೋಗಿ ಪೂಜೆ ಮಾಡಿಸುತ್ತಿದ್ದರಂತೆ. ಊರವರಿಗೆ ಅದು ಈಗಲೂ 'ಪಾದ್ರಿ'ಯೇ.

"ನೋಡಿ," ನಿಮಿಯಾ ಎಡಗಡೆಯದನ್ನು ಬಿಚ್ಚಿ ತೋರಿಸಿದಳು. "ಈ ಬಟ್ಟಲಿಗೆ ಪೆಟ್ರೋಲ್ ಬರುತ್ತೆ. ನೀರಿನ ಟ್ಯಾಂಕಿನಲ್ಲಿ ಚೆಂಡು ತೇಲಿ ನಲ್ಲಿ ಮುಚ್ಚುತ್ತಲ್ಲ, ಹಾಗೆ ಈ ಫ್ಲೋಟು ಮೇಲೆದ್ದು ಸೂಜಿಯಿಂದ ದಾರಿ ಮುಚ್ಚುತ್ತೆ. ಸೂಜಿ ಸವೆದಿದೆ. ಅದಕ್ಕೇ ತುಂಬಿ ಸುರೀತಿದೆ. ಅಷ್ಟೇ."

ಸೂಜಿ ಬದಲಾಯಿಸಿದಳು. ಬಟ್ಟಲಿನ ಅಂಚಿಗೆ ಕೂರುವ ಗ್ಯಾಸ್ಕೆಟ್ಟೂ ಹೊಸದು. ಎವೆಲಿಯೋ ಬೈಕು ಹತ್ತಿ ಹೋದ.

ಮುಂದಿನ ವಾರ ಬಂದ. "ಮತ್ತೆ ತೊಟ್ಟಿಕ್ತಿದೆ."

"ಸಾಧ್ಯವೇ ಇಲ್ಲ!"

"ನನ್ನ ಪ್ಯಾಂಟು ಮೂಸಿ ನೋಡ್ತೀರಾ?"

ಫ್ಲೋಟಿನ ಎತ್ತರ ಅಳೆದಳು, ಬಗ್ಗಿಸಿದಳು, ಮತ್ತೆ ಅಳೆದಳು. ಸೂಜಿ ಕೂರುವ ಜಾಗವನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದಳು. ನೆರಳಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ ನೋಡಿದಳು. ಒಂದು ಹನಿಯೂ ಇಲ್ಲ! ಅವನು ತೆಗೆದುಕೊಂಡು ಹೋದ. ಸುಡುವ ಬಿಸಿಲಲ್ಲಿ ಒಂದು ದೊಡ್ಡಿ ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮತ್ತೆ ಅದೇ ಕಥೆ.

ಪರಗ್ವಾಯ್‌ನ ಬೇಸಿಗೆಯಲ್ಲಿ ಮನುಷ್ಯರ ತಲೆಯೇ ಸಿಡಿಯುತ್ತದೆ. ಅದರ ಮೇಲೆ ಈ ಹನಿ! ನಿದ್ದೆಯಲ್ಲೂ ಅವಳಿಗೆ ಟಪ್ ಟಪ್ ಎಂದು ಕೇಳಿಸತೊಡಗಿತು. 'ಏನು ಬೇಕು ನಿನಗೆ? ಹೊಸ ಸೂಜಿ ಕೊಟ್ಟೆ, ಗ್ಯಾಸ್ಕೆಟ್ ಕೊಟ್ಟೆ... ಇನ್ನೇನು ನನ್ನ ಪ್ರಾಣ ಕೊಡ್ಲಾ?' ಎಂದು ಲೋಹದ ಜೊತೆ ಜಗಳವಾಡಿದಳು. ಒಂದು ಸಲ ಸ್ಪ್ಯಾನರ್ ಎಸೆದಳು. ಅದು ಕೋಳಿಗೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು.

ಎವೆಲಿಯೋ ಎದ್ದು ಹೋಗಿ ಸ್ಪ್ಯಾನರ್ ತಂದು ಅವಳ ಕೈಗಿಟ್ಟ. "ಕೋಳಿ ಏನು ತಪ್ಪು ಮಾಡ್ತು ಪಾಪ? ಹೊಡೆಯೋದಾದ್ರೆ ಪಾದ್ರಿಗೆ ಹೊಡೀರಿ."

ನಗಬಾರದು ಎಂದುಕೊಂಡಳು. ಆದರೂ ನಗು ಬಂತು.

ಆಮೇಲೆ ರಿಪೇರಿಯ ಹೊತ್ತಿನಲ್ಲಿ ಮಾತು ಶುರುವಾಯಿತು. ಅವನು ತಣ್ಣನೆಯ ತೆರೆರೆ ಕಷಾಯವನ್ನು ಕೊಂಬಿನ ಲೋಟಕ್ಕೆ ಸುರಿದು ಕೊಡುತ್ತಿದ್ದ. ಅವಳು ಎಣ್ಣೆಗೈಯಲ್ಲೇ ತೆಗೆದುಕೊಂಡು ಕುಡಿಯುತ್ತಿದ್ದಳು. ಸೂಜಿ ಕಂಡ ಕೂಡಲೇ ಮೂರ್ಛೆ ಹೋದ ಗೌಳಿಯ ಕಥೆ, ತನ್ನನ್ನು ಬೇಲಿ ಹತ್ತಿಸಿದ ಗೂಳಿಯ ಕಥೆ... ಅವನು ಹೇಳುವಾಗ ದೊಡ್ಡ ಕೈಗಳು ಗಾಳಿಯಲ್ಲಿ ಆಡುತ್ತಿದ್ದವು. ಬೈಕಿನ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ನಿಮಿಯಾಳಿಗೆ ಎರಡು ಥರ ಆಗುತ್ತಿತ್ತು. ಒಂದು, 'ಅಯ್ಯೋ, ಮತ್ತೆ ತೊಟ್ಟಿಕ್ತಾ!' ಎಂಬ ಸಂಕಟ. ಇನ್ನೊಂದು... ಅದನ್ನು ಏನೆಂದು ಕರೆಯಲು ಅವಳಿಗೆ ಇಷ್ಟವಿರಲಿಲ್ಲ.

ಯಾಕೆಂದರೆ ಅವಳೊಮ್ಮೆ ಸುಟ್ಟುಕೊಂಡಿದ್ದಳು. ಸಿಂದುಲ್ಫೋ ಎಂಬವನು ಮದುವೆಯಾಗುತ್ತೇನೆಂದು ವರ್ಷಗಟ್ಟಲೆ ಮನೆಗೆ ಬಂದುಹೋಗಿ ಮಾಡಿದ್ದ. ಅವನಿಗೆ ದಕ್ಷಿಣದ ಊರಲ್ಲಿ ಹೆಂಡತಿ ಇದ್ದಳು. ಅದು ಊರಿಗೆಲ್ಲ ಗೊತ್ತಿತ್ತು, ನಿಮಿಯಾಳೊಬ್ಬಳನ್ನು ಬಿಟ್ಟು! ಅವನು ಹೋದದ್ದಕ್ಕಿಂತ ಅವಳಿಗೆ ಹೆಚ್ಚು ನೋವಾದದ್ದು ಅದಕ್ಕೇ. ಎಲ್ಲರೂ ಬೆನ್ನ ಹಿಂದೆ ನಗುವಾಗ ತಾನು ಪೆದ್ದಿಯ ಹಾಗೆ ಮದುವೆಯ ಬಟ್ಟೆ ಹೊಲಿಸುತ್ತಿದ್ದೆನಲ್ಲ...

ಅಂದಿನಿಂದ ಅವಳು ನಂಬಿದ್ದು ತನ್ನ ಕೈಗಳನ್ನು ಮಾತ್ರ.

ಮೂರನೇ ಸಲ ರಿಪೇರಿಯಾದ ಮೇಲೆ ದಕ್ಷಿಣದ ತಂಗಾಳಿ ಬೀಸಿ ಊರು ತಣ್ಣಗಾಯಿತು. ಎವೆಲಿಯೋ ಬರಲಿಲ್ಲ. ದಿನಗಳು ಕಳೆದವು. 'ಗೆದ್ದೆ!' ಎಂದು ಅವಳು ಅತ್ತೆಯ ಮುಂದೆ ಕುಣಿದಳು. ಕುಣಿದ ಮೇಲೆ ಯಾಕೋ ಮನಸ್ಸು ಖಾಲಿ ಖಾಲಿ.

ಅಷ್ಟರಲ್ಲಿ ಬೇಲಿಯ ಹತ್ತಿರ ಅದೇ ಸದ್ದು. ಅವನು ತಲೆ ತಗ್ಗಿಸಿ ನಿಂತಿದ್ದ.

"ತೊಟ್ಟಿಕ್ತಿದೆ..."

ಬಗ್ಗಿ ನೋಡಿದಳು. ಬಟ್ಟಲ ತಳದ ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು!

ಅವಳು ಬೆರಳಿಂದ ಅದನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. 'ಬಿಗಿ ಮಾಡೋದನ್ನೇ ಮರೆತೆನಾ? ನಾನಾ?' ಕಲಿಯುವ ದಿನಗಳಲ್ಲೂ ಇಂಥ ತಪ್ಪು ಮಾಡಿದವಳಲ್ಲ. ಹಿಂದಿನ ದಿನವಷ್ಟೇ ಟ್ರಕ್ಕಿನ ಗುಮರ್ಸಿಂದೋ ತನ್ನ ಕಾರ್ಬೊರೇಟರನ್ನು ವಾಪಸ್ ಕೇಳಿ ಪಡೆದಿದ್ದ. "ಬೇಜಾರು ಮಾಡ್ಕೋಬೇಡ ಮಗಳೇ. ಆ ಲಸಿಕೆಯವನ ಬೈಕೇ ಇನ್ನೂ ಸರಿಹೋಗಿಲ್ಲ ಅಂತ ಎಲ್ಲರೂ ಮಾತಾಡ್ಕೋತಾರೆ..." ಅವನೊಬ್ಬನೇ ಅಲ್ಲ. ಬೆಂಚಿನ ಮೇಲೆ ಈಗ ಬೇರೆ ಕೆಲಸವೇ ಇರಲಿಲ್ಲ.

"ಇಟ್ಟು ಹೋಗಿ," ಎಂದಳು. ಧ್ವನಿ ಅವಳದ್ದೇ ಎನಿಸಲಿಲ್ಲ.

ಇಡೀ ದಿನ ಎಡಗಡೆಯ ಕಾರ್ಬೊರೇಟರನ್ನು ಬಿಚ್ಚಿ ಕೂತಳು. ಊಟ ಮಾಡಲಿಲ್ಲ.

"ಅತ್ತೇ, ಇನ್ನು ಈ ಕೆಲಸ ಬೇಡ. ಅಸುನ್ಸಿಯೋನ್‌ನಲ್ಲಿ ಯಾವುದಾದ್ರೂ ಅಂಗಡಿ ಸೇರ್ಕೋತೀನಿ. ನನ್ನ ಕೈ ಹೋಯ್ತು..."

"ಕೈ ಎಲ್ಲೂ ಹೋಗಿಲ್ಲ ಕಣೇ!" ಅತ್ತೆ ನಕ್ಕಳು. "ಕಣ್ಣು ಹೋಗಿದೆ. ನಿನ್ನ ನೋಡೋಕೆ ನೆಪ ಬೇಕು ಅಂತ ಅವನೇ ಸ್ಕ್ರೂ ಸಡಿಲ ಮಾಡ್ಕೊಂಡು ಬರ್ತಾನೆ. ಊರಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ!"

ಅತ್ತೆ ತಮಾಷೆಗೆ ಅಂದದ್ದು. ನಿಮಿಯಾಳ ಎದೆಗೆ ಅದು ಕಾದ ಕಬ್ಬಿಣದ ಹಾಗೆ ಇಳಿಯಿತು.

'ಊರಿಗೆಲ್ಲ ಗೊತ್ತು... ನನಗೊಬ್ಬಳಿಗೆ ಗೊತ್ತಿಲ್ಲ. ಮತ್ತೆ!'

ಮರುದಿನ ಬೆಳಿಗ್ಗೆ ಅವನು ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

"ಸ್ಕ್ರೂ ಸಡಿಲ ಮಾಡಿದ್ದು ನೀವೇ ಅಲ್ವಾ?"

ಎವೆಲಿಯೋನ ಮುಖದ ರಕ್ತ ಇಳಿದುಹೋಯಿತು. "ಏನಂದ್ರಿ?"

"ಮೊದಲಿಂದಲೂ! ಪ್ರತಿ ಸಲವೂ! ನಾನು ತಲೆ ಚಿಟ್ಟು ಹಿಡಿಸ್ಕೊಂಡು ಇಲ್ಲಿ ಸಾಯ್ತಿದ್ರೆ, ನೀವು ಕಷಾಯ ಕುಡೀತಾ ಮಜಾ ನೋಡ್ತಿದ್ರಾ?"

"ಪ್ರತಿ ಸಲವೂನಾ? ಐಸ್ ಕರಗಿ ನನ್ನ ಲಸಿಕೆ ಹಾಳಾದಾಗಲೂ ನಾನೇ ಮಾಡ್ಕೊಂಡೆನಾ? ಬಿಸಿಲಲ್ಲಿ ಮೈಲಿಗಟ್ಟಲೆ ಇದನ್ನ ತಳ್ಳಿದ್ದು ಮಜಾನಾ?" ಅವನ ಧ್ವನಿ ಏರಿತು. "ರಿಪೇರಿ ಮಾಡೋಕೆ ಬರದೆ ಇದ್ರೆ ಬರಲ್ಲ ಅನ್ನಿ! ನನ್ನ ಮೇಲೆ ಯಾಕೆ ಹಾಕ್ತೀರಾ?"

ಮುಖಕ್ಕೆ ಹೊಡೆದ ಹಾಗಾಯಿತು.

"ಹೋಗಿ," ಎಂದಳು. "ನಿಮ್ಮ ಪಾದ್ರೀನೂ ಕರ್ಕೊಂಡು ಹೋಗಿ. ಇನ್ನೊಂದು ಸಲ ಈ ಬೇಲಿ ದಾಟಬೇಡಿ!"

ಅವನು ಬೈಕನ್ನು ತಳ್ಳಿಕೊಂಡೇ ಹೊರಟ. ಹಾಲಿನ ಲಾರಿಯವನನ್ನು ಕೈ ಅಡ್ಡ ಹಾಕಿ ನಿಲ್ಲಿಸಿ, ಮೇಲೆ ಹೇರಿಸಿದ. ಒಂದು ಸಲವೂ ತಿರುಗಿ ನೋಡಲಿಲ್ಲ. ಎಡಗಡೆಯ ಕಾರ್ಬೊರೇಟರು ಅವಳ ಬೆಂಚಿನ ಮೇಲೇ ಉಳಿದಿತ್ತು. ಅದು ಇಬ್ಬರಿಗೂ ನೆನಪಾಗಲಿಲ್ಲ.

ತಂಗಾಳಿ ನಿಂತು ಸೆಕೆ ಮರಳಿತ್ತು. ಊರೆಲ್ಲ ಮಧ್ಯಾಹ್ನದ ನಿದ್ದೆಗೆ ಮಲಗಿತ್ತು. ನಿಮಿಯಾಳಿಗೆ ಎಲ್ಲಿಯ ನಿದ್ದೆ? ಬೆಂಚಿನ ಮೇಲಿದ್ದ ಅದನ್ನು ನೋಡಿದಷ್ಟೂ ಉರಿಯುತ್ತಿತ್ತು. 'ಅವನ ಸಾಮಾನು ಅವನಿಗೆ ಕಳಿಸಿ ಕೈ ತೊಳ್ಕೋಬೇಕು. ಆದರೆ ತೊಳೆಯದೆ ಕಳಿಸಿದ್ರೆ ಅದಕ್ಕೂ ಮಾತಾಡ್ತಾನೆ!'

ಬಟ್ಟಲನ್ನು ಬೇರೆ ಮಾಡಿ, ಕೊಳೆ ನೆನೆಯಲೆಂದು ಅರ್ಧದ ಮೇಲೆ ಪೆಟ್ರೋಲ್ ತುಂಬಿಸಿ, ಬಿಸಿಲು ಬಿದ್ದಿದ್ದ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಕೈ ಒರೆಸಿಕೊಂಡು ತಿರುಗಿದರೆ...

ಕಟ್ಟೆ ಒದ್ದೆ!

ಅವಳು ಉಸಿರು ಬಿಗಿಹಿಡಿದಳು. ಇದರಲ್ಲಿ ಸೂಜಿ ಇಲ್ಲ. ಫ್ಲೋಟು ಇಲ್ಲ. ತಳದ ಸ್ಕ್ರೂ ಭದ್ರವಾಗಿದೆ. ಹಾಗಿದ್ದರೆ ಪೆಟ್ರೋಲು ಎಲ್ಲಿಂದ?

ಬಟ್ಟಲ ನಡುವೆ ಹಿತ್ತಾಳೆಯ ಪುಟ್ಟ ಕೊಳವೆಯೊಂದು ನಿಂತಿತ್ತು. ಪೆಟ್ರೋಲ್ ಮಿತಿಮೀರಿ ತುಂಬಿದರೆ ಅದರ ಬಾಯಿಂದ ಇಳಿದು ಕೆಳಗೆ ಹೋಗಲೆಂದು ಇಟ್ಟ ದಾರಿ. ಅವಳು ಮಸೂರ ಹಿಡಿದು ನೋಡಿದಳು. ಕೊಳವೆಯ ಪಕ್ಕೆಯಲ್ಲಿ ಕೂದಲಿನಷ್ಟು ಸಣ್ಣ ಸೀಳು! ತಣ್ಣಗಿದ್ದಾಗ ಮುಚ್ಚಿಕೊಂಡು, ಕಾದಾಗ ಬಾಯಿಬಿಡುವ ಸೀಳು. ಅದಕ್ಕೇ ನೆರಳಲ್ಲಿ ಒಂದು ಹನಿಯೂ ಬೀಳುತ್ತಿರಲಿಲ್ಲ. ಅದಕ್ಕೇ ತಂಗಾಳಿಯ ವಾರ...

"ಸಿಕ್ತು! ಅತ್ತೇ, ಸಿಕ್ತು!" ಎಂದು ಕಿರುಚಿದಳು. ಸಂತೋಷಕ್ಕೆ ಕಣ್ಣಲ್ಲಿ ನೀರು. ಮರುಕ್ಷಣವೇ ಸಂತೋಷ ಗಂಟಲಲ್ಲಿ ಸಿಕ್ಕಿಕೊಂಡಿತು.

'ಹಾಗಾದ್ರೆ ಅವನು ಸುಳ್ಳು ಹೇಳಿರಲಿಲ್ಲ. ಬೈಕು ನಿಜವಾಗಿಯೂ ತೊಟ್ಟಿಕ್ಕುತ್ತಿತ್ತು. ನಾನು... ನಾನು ಅವನನ್ನ ಸಿಂದುಲ್ಫೋ ಜೊತೆ ನಿಲ್ಲಿಸಿಬಿಟ್ಟೆ!'

ಸೀಳಿಗೆ ಬೆಸುಗೆ ಹಾಕಿದಳು. ಕೈ ನಡುಗದ ಹಾಗೆ ಉಸಿರು ಹಿಡಿದು, ತೆಳ್ಳಗೆ. ಮರುದಿನ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅವನನ್ನು ಎಲ್ಲಿ ಇಳಿಸಿದ್ದೆಂದು ಹಾಲಿನ ಲಾರಿಯವನನ್ನು ಕೇಳಿ, ಬಸ್ಸು ಹತ್ತಿದಳು.

ಎವೆಲಿಯೋ ದೊಡ್ಡಿಯ ಬೇಲಿಯ ಹತ್ತಿರ ಕೂತು ಸಿರಿಂಜು ಕುದಿಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಅವಳು ಬೈಕಿನ ಹತ್ತಿರ ಕೂತು, ಎಡಗಡೆಯ ಕಾರ್ಬೊರೇಟರು ಜೋಡಿಸಿದಳು. ಪೆಟ್ರೋಲಿನ ನಲ್ಲಿ ತಿರುಗಿಸಿದಳು. ಎಂಜಿನ್ ಚಾಲೂ ಮಾಡಿ ಚೆನ್ನಾಗಿ ಕಾಯಿಸಿದಳು. ಆಮೇಲೆ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿ, ಉರಿಬಿಸಿಲಲ್ಲಿ ಕಾದು ಕೂತಳು. ಅವನೂ ಪಕ್ಕದಲ್ಲಿ ಬಂದು ಕೂತ.

ಬಹಳ ಹೊತ್ತು. ಬಟ್ಟೆ ಒಣಗಿದ ಹಾಗೇ ಇತ್ತು.

"ಕೊಳವೆ ಸೀಳಿತ್ತು," ಅವಳು ನೆಲ ನೋಡುತ್ತ ಹೇಳಿದಳು. "ಮೊದಲಿಂದಲೂ. ನಿಮ್ಮದೇನೂ ತಪ್ಪಿರಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ತಳದ ಸ್ಕ್ರೂನೂ ನಾನೇ ಮರೆತಿದ್ದು ಅನ್ಸುತ್ತೆ... ಕ್ಷಮಿಸಿ, ಎವೆಲಿಯೋ."

ಅವನು ಆ ಬಿಳಿ ಬಟ್ಟೆಯನ್ನು ಎತ್ತಿ ಮಡಿಸಿದ.

"ನೀವು ಮರೆತಿರಲಿಲ್ಲ."

"ಏನು?"

"ಆ ಸ್ಕ್ರೂ. ಕೊನೇ ಸಲದ್ದು... ಅದನ್ನ ಸಡಿಲ ಮಾಡಿದ್ದು ನಾನೇ."

ನಿಮಿಯಾ ನಿಧಾನವಾಗಿ ತಲೆ ಎತ್ತಿದಳು.

"ಆ ತಂಗಾಳಿ ವಾರ ಬೈಕು ಒಂದು ಹನಿಯನ್ನೂ ಬೀಳಿಸಲಿಲ್ಲ. ದಿನಾ ಬೆಳಿಗ್ಗೆ ಎದ್ದು ನೋಡ್ತಿದ್ದೆ. ಖುಷಿ ಆಗಬೇಕಿತ್ತು, ಆಗಲಿಲ್ಲ. ಬರೋಕೆ ಕಾರಣವೇ ಇರಲಿಲ್ಲವಲ್ಲ... ಅರ್ಧ ಸುತ್ತು ತಿರುಗಿಸಿದೆ. ಒಂದೇ ಸಲ. ನೀವು ನೇರವಾಗಿ ಕೇಳಿದಾಗ ನಾಚಿಕೆಗೆ ಕೂಗಾಡಿಬಿಟ್ಟೆ. ಬೇರೆ ಸಲದ್ದೆಲ್ಲ ನಿಜ, ದೇವರಾಣೆ. ಆದರೆ ಅದೊಂದು..."

ಅವಳು ಎದ್ದಳು. ಕೈಯಲ್ಲಿದ್ದ ಸ್ಪ್ಯಾನರನ್ನು ಮೇಲೆತ್ತಿದಳು.

"ಅವತ್ತು ನಾನು ಇಡೀ ದಿನ ಅನ್ನ ಮುಟ್ಟಲಿಲ್ಲ, ಗೊತ್ತಾ? ನನ್ನ ಕೈ ಹೋಯ್ತು ಅಂದ್ಕೊಂಡೆ. ಕೆಲಸ ಬಿಡ್ತೀನಿ ಅಂತ ಅತ್ತೆ ಮುಂದೆ ಕಣ್ಣೀರಿಟ್ಟೆ. ಗಿರಾಕಿಗಳು ಮೊದಲೇ ಹೋಗಿದ್ರು. ನನ್ನ ಹತ್ರ ಇದ್ದದ್ದೇ ಈ ಎರಡು ಕೈ ಕಣ್ರೀ! ನಿಮ್ಮ ಆಟಕ್ಕೆ ಅದೇ ಬೇಕಿತ್ತಾ?"

"ನಿಮಿಯಾ..."

"ಬೇಡ. ಮಾತಾಡ್ಬೇಡಿ."

ಬಸ್ಸು ನಿಲ್ಲುವ ಜಾಗದವರೆಗೂ ಅವಳು ಅಳುತ್ತ ನಡೆದಳು. ಕೋಪಕ್ಕೆ ಅಳುತ್ತಿದ್ದಾಳೋ, ಅವನು ಹೇಳಿದ ಇನ್ನೊಂದು ಮಾತಿಗೋ ಅವಳಿಗೇ ತಿಳಿಯಲಿಲ್ಲ. ಸಿಂದುಲ್ಫೋನ ಸುಳ್ಳನ್ನು ಊರೇ ಮುಚ್ಚಿಟ್ಟಿತ್ತು. ಇವನದು ಯಾರಿಗೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವಳು ಕ್ಷಮೆ ಕೇಳಿ ಹೋಗುತ್ತಿದ್ದಳು. ಆದರೂ ತಾನಾಗಿಯೇ ಹೇಳಿಬಿಟ್ಟನಲ್ಲ... 'ಹೇಳಿದ್ರೆ ಏನಂತೆ! ಮಾಡಿದ್ದು ಮಾಡಿದ್ದೇ!'

ಭಾನುವಾರ ಮಧ್ಯಾಹ್ನ ಬೇಲಿಯ ಹತ್ತಿರ ಟ್ರಕ್ಕು ನಿಂತಿತು. ಗುಮರ್ಸಿಂದೋ ತನ್ನ ಕಾರ್ಬೊರೇಟರನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ. ಹೊಟ್ಟೆ ಕುಲುಕಿಸಿ ನಗುತ್ತಿದ್ದ.

"ತಗೋ ಮಗಳೇ, ನೀನೇ ನೋಡು. ನಾನು ಕತ್ತೆ."

"ಏನಾಯ್ತು ಮಾವಾ?"

"ಪೆಟ್ರೋಲ್ ಬಂಕಿನಲ್ಲಿ ನಾವೆಲ್ಲ ಸೇರಿದ್ವಿ. ಆ ಲಸಿಕೆಯವನು ಬಂದು, ಕಟ್ಟೆ ಹತ್ತಿ ನಿಂತ್ಕೊಂಡ! 'ನಿಮಿಯಾ ಕೈಯಲ್ಲಿ ಐಬಿಲ್ಲ. ಯಾರಿಗೂ ಸಿಗದ ಸೀಳನ್ನ ಅವಳು ಹುಡುಕಿದ್ಲು. ಕೊನೇ ಸಲ ಸ್ಕ್ರೂ ಅರ್ಧ ಸುತ್ತು ಬಿಚ್ಚಿದವನು ನಾನು, ಅವಳನ್ನ ನೋಡೋಕೆ ಬೇರೆ ದಾರಿ ತೋಚದೆ' ಅಂದ. ಅಬ್ಬಬ್ಬಾ, ಏನು ನಗು, ಏನು ಶಿಳ್ಳೆ! ಈಗ ಅವನ ಹೆಸರೇ 'ಅರ್ಧ ಸುತ್ತು'. ಸಾಯೋವರೆಗೂ ಇನ್ನು ಅದೇ ಹೆಸರು, ಪಾಪ."

ನಿಮಿಯಾ ಕಾರ್ಬೊರೇಟರನ್ನು ಬೆಂಚಿನ ಮೇಲಿಟ್ಟಳು. 'ಎಲ್ಲರ ಮುಂದೆ... ತಾನೇ ನಗೆಪಾಟಲಾಗಿ...'

ಟ್ರಕ್ಕು ಹೊರಟುಹೋದ ಮೇಲೆ ಧೂಳು ಇಳಿಯಿತು. ಧೂಳಿನಾಚೆ, ಬೇಲಿಯ ಹೊರಗೆ, ಅವನು ನಿಂತಿದ್ದ. ಒಗೆದ ಅಂಗಿ, ಬರಿಗೈ.

"ಬೈಕೆಲ್ಲಿ?" ಅವಳು ಗಟ್ಟಿ ಧ್ವನಿಯಲ್ಲಿ ಕೇಳಿದಳು.

"ಮನೇಲಿದೆ. ಒಂದು ಹನಿನೂ ಬೀಳ್ತಿಲ್ಲ. ಬಸ್ಸಲ್ಲಿ ಬಂದೆ."

"ಮತ್ತೆ ಯಾಕೆ ಬಂದ್ರಿ?"

"ನಿಮ್ಮನ್ನ ನೋಡೋಕೆ. ಇದನ್ನ ಆ ತಂಗಾಳಿ ವಾರದಲ್ಲೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳೋ ಧೈರ್ಯ ಇರಲಿಲ್ಲ... ನೀವಂದ್ರೆ ನನಗೆ ಪ್ರಾಣ, ನಿಮಿಯಾ."

ಅವಳ ಹುಬ್ಬು ಇನ್ನೂ ಗಂಟಿಕ್ಕಿಯೇ ಇತ್ತು.

"ಊರಿಗೆಲ್ಲ ಸಾರಿ ಬಂದು ನನಗೆ ಕೊನೇಲಿ ಹೇಳ್ತಿದ್ದೀರಾ?"

"ನಿಮಗೆ ಆವತ್ತು ದೊಡ್ಡೀಲೇ ಹೇಳಿದ್ದೆ. ನೀವು ಸ್ಪ್ಯಾನರ್ ಎತ್ತಿದ್ರಿ."

ನಗು ತುಟಿಯವರೆಗೂ ಬಂತು. ಅವಳು ಮುಖ ಆಚೆ ತಿರುಗಿಸಿದಳು.

"ನನಗಿನ್ನೂ ಕೋಪ ಇದೆ."

"ಇರಲಿ. ಇರಬೇಕಾದ್ದೇ. ಎಷ್ಟು ಹೊತ್ತು ಇರಬಹುದು?"

"ಗೊತ್ತಿಲ್ಲ. ಸಂಜೆವರೆಗೂ ಇರಬಹುದು... ನಾಳೆನೂ ಇರಬಹುದು."

"ಇಲ್ಲೇ ನಿಂತು ಕಾಯ್ತೀನಿ."

ಬಿಸಿಲು ಅವನ ತಲೆಯ ಮೇಲೆ ಸುರಿಯುತ್ತಿತ್ತು. ನಿಮಿಯಾ ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ಬೇಲಿಯ ಬಾಗಿಲಿನ ಅಗುಳಿ ತೆಗೆದು, ಹಿಂದಕ್ಕೆ ಬಂದು, ಮಾವಿನ ನೆರಳಿನಲ್ಲಿದ್ದ ತನ್ನ ಬೆಂಚಿನ ಮೇಲಿನ ಸಾಮಾನನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿದಳು.

"ಬಿಸಿಲಲ್ಲಿ ಯಾಕೆ ಸಾಯ್ತೀಯ? ಬಾ, ಕೂತ್ಕೋ."

ಎವೆಲಿಯೋ ಒಂದು ಹೆಜ್ಜೆ ಇಟ್ಟವನು ಅಲ್ಲೇ ನಿಂತ. ಅವಳು ಇಷ್ಟು ದಿನದಲ್ಲಿ ಒಮ್ಮೆಯೂ ಅವನನ್ನು 'ನೀನು' ಅಂದಿರಲಿಲ್ಲ.

"ಏನಂದೆ?"

"ಕಿವುಡಾ? ಕೂತ್ಕೋ ಅಂದೆ."

"ಇನ್ನೊಂದು ಸಲ ಹೇಳು, ನಿಮಿಯಾ..."

"ಹೇಳಲ್ಲ, ಹೋಗೋ," ಎಂದಳು ಅವಳು, ಎಣ್ಣೆಗೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಳ್ಳುತ್ತ.